ಗೀರು ಬಿದ್ದ ರಿಕಾರ್ಡು

ಕಂಗ್ಟಿಯ ಮೊಗಲಪ್ಪನ ಟ್ರಂಕಿನಲ್ಲಿ ಗ್ರಾಮಾಫೋನ್ ರಿಕಾರ್ಡುಗಳಿಗೆ ಬರವಿರಲಿಲ್ಲ. ಮದುವೆಗೆ ಮೈಕ್ ಸೆಟ್ ಹಚ್ಚುವವನಿಗೆ ಕುಣಿಸುವ ಹಾಡೂ ಬೇಕು, ಅಳಿಸುವ ಹಾಡೂ ಬೇಕು. ಆದರೆ ಅವನು ಹೆಂಡತಿಯ ಹಳೇ ಇಳಕಲ್ ಸೀರೆಯ ತುಂಡಿನಲ್ಲಿ ಸುತ್ತಿಟ್ಟದ್ದು ಒಂದೇ ಒಂದನ್ನು. ಯಾವುದೋ ದೊಡ್ಡ ಊರಿನ ಗಾಯಕಿಯೊಬ್ಬಳು ಜನರ ಮುಂದೆ ಕುಳಿತು ಹಾಡಿದ ಕಚೇರಿ ಅದು. ನಡುವೆ ಕೇಳುಗನೊಬ್ಬ ‘ವ್ಹಾ’ ಎಂದದ್ದೂ ಅದರಲ್ಲಿ ಅಚ್ಚಾಗಿತ್ತು. ಹಾಡು ಉದ್ದ, ರಿಕಾರ್ಡು ಗಿಡ್ಡ. ಹಾಗಾಗಿ ಈ ಮಗ್ಗುಲಿಗೆ ಅರ್ಧ, ಆ ಮಗ್ಗುಲಿಗೆ ಅರ್ಧ.

ಮೊಗಲಪ್ಪನ ಗೋಡೆಗೆ ಹತ್ತಿಕೊಂಡೇ ಕೌಶಲ್ಯಾಳ ಮನೆ. ನಾರಾಯಣಖೇಡದಿಂದ ಸೊಸೆಯಾಗಿ ಬಂದವಳು. ತೊಗರಿ ಹಸನು ಮಾಡುತ್ತ ಆ ಹಾಡನ್ನು ಕೇಳಿ ಕೇಳಿ ಹಾಗೇ ಗಂಟಲಿಗೆ ಇಳಿಸಿಕೊಂಡಿದ್ದಳು. ಆ ಗಂಟಲೂ ಸಾಮಾನ್ಯದ್ದಲ್ಲ. ಬಾಗಿಲ ಮರೆಯಲ್ಲಿ ನಿಂತು ಅತ್ತೆಯ ಹಾಗೆ ಕೆಮ್ಮಿದರೆ ಗಂಡ ಸೇದುತ್ತಿದ್ದ ಬೀಡಿಯನ್ನು ತುಳಿದು ಆರಿಸಿ, ದೇವರ ಪಟ ನೋಡುತ್ತ ನಿಲ್ಲುತ್ತಿದ್ದ.

ಇಷ್ಟಿದ್ದರೂ ಹೆಂಗಸರ ಭಜನೆಯಲ್ಲಿ ಅವಳಿಗೆ ಸಿಕ್ಕದ್ದು ಹಿಂದಿನ ಸಾಲು, ಕೈಯಲ್ಲಿ ತಾಳ. ಮುಂದೆ ಕೂತು ಹಾಡುವವಳು ಹಿರಿಯಳಾದ ಭೀಮಮ್ಮ. ಆ ವರ್ಷ ಭೀಮಮ್ಮನ ದನಿ ಕೈಕೊಟ್ಟಿತು.

“ನಿನ್ನ ತವರೂರ ಸಪ್ತಾಹಕ್ಕ ಈ ಸಲ ನೀನೇ ಮುಂದ ಕೂಡವ್ವ,” ಎಂದಳು. “ಹಾಡು ಛಲೋ ಆತಂದ್ರ ಆ ಜಾಗಾ ನಿಂದೇ. ಕೆಡಿಸಿದಿ, ತಿರುಗಿ ಹಿಂದ ಕುಂತು ತಾಳ ಬಡಿ.”

“ಯಾವ ಹಾಡ್ರಿ ಎವ್ವಾ?”

“ಮತ್ಯಾವ್ದು? ಮೊಗಲಪ್ಪನ ರಿಕಾರ್ಡಿಂದು.”

ಕೌಶಲ್ಯಾ ಎಲ್ಲರಿಗೂ ಕಲಿಸಿದಳು. ರಾಗ ಹತ್ತದ ಲಚ್ಚಮ್ಮನಿಗೆ ‘ವ್ಹಾ’ ಎನ್ನುವ ಕೆಲಸ ಬಂತು. ಅದೂ ಹಾಡಿನ ಭಾಗವೇ ಎಂದು ಎಲ್ಲರ ನಂಬಿಕೆ.

“ನನ್ನ ಪಾಲಿಂದು ಸಣ್ಣದದ,” ಎಂದಳು ಲಚ್ಚಮ್ಮ, “ಆದ್ರ ತಪ್ಪಂಗಿಲ್ಲ.”

ಸಪ್ತಾಹದ ದಿನ ತಬಲಾಕ್ಕೆ ಜಹೀರಾಬಾದಿನಿಂದ ಗಂಗಾರಾಮ ಬಂದಿದ್ದ. ಮೈಕ್ ಸೆಟ್ ಮೊಗಲಪ್ಪನದೇ. ಎದುರಿಗೆ ತವರಿನವರೆಲ್ಲ. ಕೌಶಲ್ಯಾ ಕಣ್ಣು ಮುಚ್ಚಿ ಹಾಡು ಎತ್ತಿಕೊಂಡಳು. ‘ಬಾರೊ ತಂದೆ ನಮ್ಮ ಬಾಗಿಲಿಗೆ’ ಎಂಬ ಸಾಲು ಬಂದಾಗ ‘ಬಾರೊ ತಂದೆ, ಬಾರೊ ತಂದೆ, ಬಾರೊ ತಂದೆ, ಬಾ’ ಎಂದು ಮುಗ್ಗರಿಸಿ ಮುಂದೆ ಹೋದಳು. ಹಿಂದಿದ್ದವರೂ ಹಾಗೇ ಮುಗ್ಗರಿಸಿದರು. ಗಂಗಾರಾಮನ ಲಯ ಹಳ್ಳಕ್ಕೆ ಬಿತ್ತು. ಅವನು ಎದ್ದು ಮೈ ಕೊಡವಿಕೊಳ್ಳುವಷ್ಟರಲ್ಲಿ ಲಚ್ಚಮ್ಮ ‘ವ್ಹಾ’ ಎಂದಳು. ಮುಂದಿನ ಚರಣದ ನಡುವೆ ಇದ್ದಕ್ಕಿದ್ದಂತೆ ಎಲ್ಲರೂ ಬಾಯಿ ಮುಚ್ಚಿದರು. ಭೀಮಮ್ಮ ನೆಮ್ಮದಿಯಿಂದ ಎಲೆಯಡಿಕೆ ಸಂಚಿ ಬಿಚ್ಚಿದಳು. ತಬಲಾ ಒಂದೇ ಬಡಿದುಕೊಳ್ಳುತ್ತಿತ್ತು.

“ಯಾಕ ತಂಗಿ, ಮರತ್ರೇನು?” ಎಂದ ಗಂಗಾರಾಮ.

“ಮರತಿಲ್ರಿ. ರಿಕಾರ್ಡ್ ಮಗ್ಗಲಾ ಬದಲಿ ಆಗ್ಬೇಕಲ್ರಿ.”

ಮೈಕಿನ ಮುಂದೆ ಆಡಿದ ಮಾತು ಊರಿಗೆಲ್ಲ ಕೇಳಿತು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು.

“ಏ ಮೊಗಲಪ್ಪಾ, ಆಕೀಗೊಂದಿಷ್ಟು ಚಾವಿ ಕೊಡೋ,” ಎಂದ ಹಿಂದಿನವನೊಬ್ಬ.

ಕೌಶಲ್ಯಾ ಮೊಗಲಪ್ಪನ ಕಡೆ ನೋಡಿದಳು. ಇಲ್ಲದ ರಿಕಾರ್ಡನ್ನು ತಿರುವುತ್ತ ಅವನ ಕೈ ಗಾಳಿಯಲ್ಲೇ ನಿಂತಿತ್ತು. ಆಗ ಅವಳಿಗೆ ಎಲ್ಲ ತಿಳಿಯಿತು. ಮುಗ್ಗರಿಕೆ ಗೀರಿನದು, ಮೌನ ಮೊಗಲಪ್ಪನದು, ‘ವ್ಹಾ’ ಯಾವುದೋ ಊರ ಕೇಳುಗನದು. ಇದರಲ್ಲಿ ತನ್ನದು ಏನಿದೆ? ಹಿಂದಿನ ಸಾಲು ಬೆನ್ನಿಗೆ ಬಂದು ತಾಗಿದಂತಾಯಿತು.

ಎದ್ದು ಹೋಗಬಹುದಿತ್ತು. ಹೋಗದೆ, ಅದೇ ಮುಗ್ಗರಿಸಿದ ಮಾತನ್ನು ಬೇಕೆಂದೇ ಎತ್ತಿಕೊಂಡಳು. ‘ಬಾರೊ ತಂದೆ’ ಎಂದು ಒಳಕೋಣೆಯಲ್ಲಿದ್ದವನನ್ನು ಕರೆಯುವಂತೆ ಒಮ್ಮೆ. ಜೋಳದ ಹೊಲದ ಆಚೆ ಬದುವಿನಲ್ಲಿದ್ದವನಿಗೆ ಕೂಗುವಂತೆ ಇನ್ನೊಮ್ಮೆ. ಆಮೇಲೆ ಥೇಟು ಅತ್ತೆಯ ದನಿಯಲ್ಲಿ, ರೊಟ್ಟಿ ಆರಿದರೂ ಬಾರದವನಿಗೆ ಗದರುವಂತೆ. ಜನ ಮತ್ತೆ ನಕ್ಕರು. ಈ ನಗೆಗೆ ಮುಳ್ಳಿರಲಿಲ್ಲ. ಗಂಗಾರಾಮ ಬೆರಳು ಸಡಿಲಿಸಿ ಅವಳ ಹಿಂದೆಯೇ ಹೊರಟ. ನಾಲ್ಕನೆಯ ಸಲ ಅವಳು ಯಾರ ದನಿಯನ್ನೂ ತರಲಿಲ್ಲ. ಸುಮ್ಮನೆ ಕರೆದಳು. ನಗು ನಿಂತಿತು.

“ವ್ಹಾ,” ಎಂದಳು ಲಚ್ಚಮ್ಮ.

ರಿಕಾರ್ಡಿನಲ್ಲಿ ಆ ಜಾಗಕ್ಕೆ ‘ವ್ಹಾ’ ಇರಲಿಲ್ಲ. ಬಾಯಿ ಜಾರಿದ್ದಕ್ಕೆ ಲಚ್ಚಮ್ಮ ಸೆರಗು ಕಚ್ಚಿಕೊಂಡಳು.

ಊರಿಗೆ ಬಂದ ಮೇಲೆ ಭೀಮಮ್ಮ ಹೌದೆನ್ನಲೂ ಇಲ್ಲ, ಅಲ್ಲವೆನ್ನಲೂ ಇಲ್ಲ. ನಾಚಿದ ಮೊಗಲಪ್ಪ ಜಹೀರಾಬಾದಿಗೆ ಹೋಗಿ ಅದೇ ಕಚೇರಿಯ ಹೊಸ ರಿಕಾರ್ಡು ತಂದ. ಗೀರಿಲ್ಲ, ಗೊರಗೊರ ಇಲ್ಲ. ಹೆಂಗಸರೆಲ್ಲ ತಾಳ ಹಿಡಿದು ಅವನ ಅಂಗಳದಲ್ಲಿ ಭಜನೆಯ ಸಾಲಿನಲ್ಲೇ ಕೂತು ಕೇಳಿದರು. ಗಾಯಕಿ ‘ಬಾರೊ ತಂದೆ’ ಎಂದು ಒಮ್ಮೆ ಕರೆದು ಸರಾಗವಾಗಿ ಮುಂದೆ ಹೋದಳು.

“ಹ್ಯಾಂಗದ?” ಎಂದ ಮೊಗಲಪ್ಪ.

“ಛಲೋ ಅದ ಮಾಮಾ,” ಎಂದಳು ಕೌಶಲ್ಯಾ. “ಆದ್ರ ಒಮ್ಮಿ ಕರದ್ರ ಯಾರ್ ಬರ್ತಾರ್ರಿ? ನಮ್ಮನಿ ಗಂಡಸರೇ ಬರಂಗಿಲ್ಲ.”

ಭೀಮಮ್ಮ ನಕ್ಕಳು. ಮೊಗಲಪ್ಪ ಹೊಸದನ್ನು ಮದುವೆ ಹಾಡುಗಳ ಜೊತೆ ಟ್ರಂಕಿಗೆ ಸೇರಿಸಿ, ಹಳೆಯದನ್ನೇ ಮತ್ತೆ ಇಳಕಲ್ ತುಂಡಿನಲ್ಲಿ ಸುತ್ತಿದ. ಭೀಮಮ್ಮ ಕೌಶಲ್ಯಾಳ ಕೈಯಿಂದ ತಾಳ ತೆಗೆದುಕೊಂಡು ಹಿಂದಿನ ಸಾಲಿಗೆ ಸರಿದು ಕೂತಳು.

“ಕರಿಯೂದು ನಿನ್ನ ಮನಸಿಗೆ ಬಂದಂಗ ಕರಿ,” ಎಂದಳು. “ಆದ್ರ ನಡುವ ನಿಲ್ಲೂದು ಮಾತ್ರ ಬಿಡಬ್ಯಾಡ. ನನಗ ಎಲಿ ಹಾಕ್ಕೊಳ್ಳಾಕ ಪುರಸತ್ತು ಬೇಕು.”