ಮಾರ್ಲಿಸಳ ಬೀಗ

ಕಾಗದದ ಕಾರ್ಖಾನೆಯಲ್ಲಿ ರೋಲರುಗಳ ಸಂದಿಗೆ ಇಳಿದು ಚೊಕ್ಕಟ ಮಾಡುವವರು ಮೊದಲು, ಯಾರೂ ಯಂತ್ರ ಓಡಿಸದಂತೆ, ಅದರ ಸ್ವಿಚ್ಚಿಗೆ ತಮ್ಮದೇ ಬೀಗ ಜಡಿಯಬೇಕು. ಬೀಗದ ಮೇಲೆ ಹೆಸರು, ಕೀಲಿ ಜೇಬಿನಲ್ಲಿ. ಆಳು ಒಳಗಿರುವಾಗ ಅದನ್ನು ಮುಟ್ಟುವ ಹಕ್ಕು ಮಾಲೀಕನಿಗೂ ಇಲ್ಲ. ಅಮೆರಿಕದ ವಿಸ್ಕಾನ್ಸಿನ್ನಿನ ಆ ಊರಿನಲ್ಲಿ ಚರ್ಚು ತಪ್ಪಿಸಿದವರಿದ್ದರು, ಬೀಗ ತಪ್ಪಿಸಿದವರಿರಲಿಲ್ಲ.

ಮಾರ್ಲಿಸ್ ಇಪ್ಪತ್ತೆರಡು ವರ್ಷ ಹಾಗೆ ಇಳಿದು ಹತ್ತಿದವಳು. ಸೋಮವಾರ ಅವಳು ಫೆಡರಲ್ ಕೋರ್ಟಿನಲ್ಲಿ ಸಾಕ್ಷಿ ಹೇಳಬೇಕಿತ್ತು. ಸೀನಿಯಾರಿಟಿ ಪಟ್ಟಿಯ ಪ್ರಕಾರ ಗೆಳತಿ ಟ್ವೈಲಾಗೆ ಬರಬೇಕಿದ್ದ ಕ್ರೇನಿನ ಕೆಲಸವನ್ನು ಮೇಸ್ತ್ರಿ ವೆಂಡಲ್ ಮೊನ್ನೆ ಮೊನ್ನೆ ಸೇರಿದ ಗಂಡಸಿಗೆ ಕೊಟ್ಟಿದ್ದ. 'ಹೆಂಗಸ್ರಿಗೆಲ್ಲ ಕ್ರೇನ್ ಇಲ್ಲ, ನಾನಿರೋವರೆಗೂ ಇಲ್ಲ' ಎಂದು ಅವನಂದದ್ದನ್ನು ಕೇಳಿಸಿಕೊಂಡವಳು ಮಾರ್ಲಿಸ್ ಒಬ್ಬಳೇ. ಅವಳು ಬಾಯಿ ಬಿಡದಿದ್ದರೆ ಟ್ವೈಲಾ ಕಂಪನಿಯ ಮೇಲೆ ಹೂಡಿದ್ದ ಮೊಕದ್ದಮೆ ಅಲ್ಲಿಗೆ ಮುಗಿಯುತ್ತಿತ್ತು.

ಅವಳು ಸಾಕ್ಷಿ ಹೇಳುತ್ತಾಳೆಂಬ ಸುದ್ದಿ ಹರಡಿದ ಮೇಲೆ ಯಾರೂ ಅವಳನ್ನು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಊಟದ ಹೊತ್ತಿಗೆ ಅವಳು ಬಂದು ಕೂತರೆ ಮಾತು ಜಿಂಕೆ ಬೇಟೆಗೆ ಹೊರಳುತ್ತಿತ್ತು. ಬೇಟೆಯ ಕಾಲ ಮುಗಿದು ನಾಲ್ಕು ತಿಂಗಳಾಗಿತ್ತು.

ಶುಕ್ರವಾರ ಬೆಳಿಗ್ಗೆ ಮಾರ್ಲಿಸ್ ಬೀಗ ಜಡಿದು ಒಳಗಿಳಿದಳು. ಅರ್ಧ ಗಂಟೆ ಬಿಟ್ಟು ಹೊರಬಂದಾಗ ಸ್ವಿಚ್ಚು ಬೋಳಾಗಿತ್ತು. ಕೊಂಡಿ ಕತ್ತರಿಸಿದ ಬೀಗ ಅವಳ ಊಟದ ಡಬ್ಬಿಯ ಮೇಲೆ, ಹೆಸರು ಕಾಣುವಂತೆ, ಒಪ್ಪವಾಗಿ ಕೂತಿತ್ತು. ಯಂತ್ರ ಓಡಿರಲಿಲ್ಲ, ಅಷ್ಟೇ.

ವೆಂಡಲ್ ತಾನೇ ಹೊಸ ಬೀಗ ತಂದುಕೊಟ್ಟ. 'ನೀನು ಮನೆಗೆ ಹೋದೆ ಅಂದ್ಕೊಂಡ್ರು ಕಣಮ್ಮ. ಮರೆತುಹೋದ ಬೀಗ ಕತ್ತರಿಸೋದು ನಿಯಮಾನೇ ಅಲ್ವಾ?'

'ಬೆಳಿಗ್ಗೆ ಒಂಬತ್ತಕ್ಕೆ ಮನೆಗಾ?'

'ವಯಸ್ಸಾಯ್ತು ನೋಡು, ನಮಗೆಲ್ಲ ಮರೆವು. ನಿಂಗೂ ಸ್ವಲ್ಪ ಬಂದ್ರೆ ಒಳ್ಳೇದು.'

ಸೋಮವಾರ ಅವಳ ಪಾಳಿಯ ಹನ್ನೊಂದು ಮಂದಿಯೂ ಇಸ್ತ್ರಿ ಅಂಗಿ ತೊಟ್ಟು ಕೋರ್ಟಿನ ಎರಡನೇ ಸಾಲಿನಲ್ಲಿ ಕೂತಿದ್ದರು. ಕಂಪನಿ ಸಂಬಳ ಸಹಿತ ರಜೆ ಕೊಟ್ಟಿತ್ತಂತೆ. ವೆಂಡಲ್ ಕಂಪನಿಯ ವಕೀಲನ ಪಕ್ಕದಲ್ಲಿದ್ದ.

ಮೇಸ್ತ್ರಿ ಏನಂದ ಎಂದು ಟ್ವೈಲಾಳ ವಕೀಲೆ ಕೇಳಿದಳು. ಮಾರ್ಲಿಸ್ ನೀರು ಕುಡಿದಳು. ನೆನಪಿಲ್ಲ ಎಂದರೆ ಸಾಕಿತ್ತು. ಮರೆವಿಗೆ ಯಾವ ಕೋರ್ಟೂ ಶಿಕ್ಷೆ ಕೊಡುವುದಿಲ್ಲ. ಅವಳು ಅವನಂದದ್ದನ್ನು ಒಂದಕ್ಷರ ಬಿಡದೆ ಹೇಳಿದಳು. ಶುಕ್ರವಾರದ ಸಂಗತಿಯನ್ನೂ ಹೇಳಹೊರಟಾಗ ಕಂಪನಿಯ ವಕೀಲ ಎದ್ದ. ಅದು ಈ ಮೊಕದ್ದಮೆಗೆ ಸೇರಿದ್ದಲ್ಲ ಎಂದು ನ್ಯಾಯಾಧೀಶರು ತಡೆದರು.

ಕಂಪನಿಯ ವಕೀಲನದು ಒಂದೇ ಪಾಟೀಸವಾಲು. 'ಈಗ್ಲೂ ಅಲ್ಲೇ ಕೆಲಸ ಮಾಡ್ತಿದೀರಾ, ಮೇಡಂ?'

'ಹೌದು. ನಾಳೆ ಆರಕ್ಕೆ ಪಾಳಿ, ರೋಲರುಗಳ ಸಂದಿಗೆ ಇಳಿಯೋದಿದೆ.'

ಟ್ವೈಲಾ ಅಳುತ್ತಿದ್ದಳು. ಎರಡನೇ ಸಾಲಿನಲ್ಲಿ ಯಾರೂ ಮಿಸುಕಲಿಲ್ಲ. ವೆಂಡಲ್ ಮಾತ್ರ ಕೈಗಡಿಯಾರ ನೋಡಿಕೊಂಡ.