ಮುಕುಂದನ ಬಲಗೈ

ನಾನು ಹುಟ್ಟಿದ್ದು ಹುಬ್ಬಳ್ಳಿಯ ಒಂದು ಸಾ ಮಿಲ್ಲಿನ ಹಿಂದೆ, ಕಟ್ಟಿಗೆ ಹೊಟ್ಟಿನ ರಾಶಿಯಲ್ಲಿ. ಅಲ್ಲಿ ಬೆಚ್ಚಗಿತ್ತು, ಆದರೆ ಸೀನು ಬರುತ್ತಿತ್ತು. ಕಣ್ಣು ಬಿಡುವ ಮೊದಲೇ ನನಗೆ ಗೊತ್ತಿದ್ದದ್ದು ಎರಡು ವಾಸನೆ. ಒಂದು ತೇಗದ್ದು, ಇನ್ನೊಂದು ನನ್ನ ತಂಗಿಯದು. ಒಂದೇ ಸೂಲಿನವರಾದರೂ ಅವಳನ್ನು ತಂಗಿ ಎನ್ನುತ್ತೇನೆ. ಅವಳು ಸಣ್ಣವಳು, ಹೆದರುಪುಕ್ಕಿ, ಸದಾ ನನ್ನ ಹೊಟ್ಟೆಯ ಕೆಳಗೆ ಮೂತಿ ತೂರಿಸಿ ಮಲಗುವವಳು.

ನಾಯಿಗಳು ಎಲ್ಲವನ್ನೂ ಕ್ಷಮಿಸುತ್ತವೆ ಎಂದು ಮನುಷ್ಯರು ತಮ್ಮ ಮಕ್ಕಳಿಗೆ ಹೇಳಿಕೊಡುವುದನ್ನು ಕೇಳಿದ್ದೇನೆ. ನನ್ನ ಕಥೆ ಓದುವವರು ಆ ಮಾತನ್ನು ನಂಬದಿದ್ದರೆ ಒಳ್ಳೆಯದು.

ಹಲಗೆ ಕೊಳ್ಳಲು ಬಂದ ಬಡಗಿ ಮಹಾಂತೇಶ ನನ್ನನ್ನು ಎತ್ತಿಕೊಂಡ. ತಂಗಿ ಗೇಟಿನವರೆಗೂ ಅಳುತ್ತ ಬಂದಳು. ಅವಳನ್ನೂ ಎತ್ತಿ ಇನ್ನೊಂದು ಕಂಕುಳಲ್ಲಿ ಇಟ್ಟುಕೊಂಡ. ಮನೆಯಲ್ಲಿ ಅವನ ಹೆಂಡತಿ ಅನಸೂಯಾ ಆಸ್ಪತ್ರೆಯಿಂದ ಆಗಷ್ಟೇ ಬಂದಿದ್ದಳು. ಅವಳು ನರ್ಸು.

"ಒಂದು ಸಾಕಾಗಿತ್ತಲ್ರೀ," ಎಂದಳು.

"ಒಂದನ್ನ ತಂದಿದ್ರ ಇನ್ನೊಂದು ಅತ್ತು ಸಾಯತಿತ್ತು," ಎಂದ ಮಹಾಂತೇಶ.

ಮಗಳು ಇಂಚರಾ ಆಗ ಬಾಲವಾಡಿಗೆ ಹೋಗುತ್ತಿದ್ದಳು. ಅಡುಗೆಮನೆಯ ಡಬ್ಬಿಗಳನ್ನು ನೋಡಿ ನನಗೆ ಜೀರಿಗಿ ಎಂದೂ ತಂಗಿಗೆ ಸಾಸಿವಿ ಎಂದೂ ಹೆಸರಿಟ್ಟವಳು ಅವಳೇ. ನಾನು ಕಂದು, ಸಾಸಿವಿ ಕಪ್ಪು. ಮಹಾಂತೇಶ ಹಲಗೆ ನುಣುಪಾಗಲೆಂದು ರಂದಾ ಹೊಡೆಯುವಾಗ ಸುರುಳಿ ಸುರುಳಿಯಾಗಿ ಬೀಳುವ ಸಿಪ್ಪೆಯನ್ನು ಸಾಸಿವಿ ಹಾವೆಂದು ತಿಳಿದು ಬೊಗಳುತ್ತಿದ್ದಳು. ಅವಳು ಎಲ್ಲದಕ್ಕೂ ಬೊಗಳುತ್ತಿದ್ದಳು. ಕುಕ್ಕರಿನ ಸೀಟಿಗೆ, ಪಕ್ಕದ ಮನೆಯ ರೇಡಿಯೋಗೆ, ಒಮ್ಮೊಮ್ಮೆ ತನ್ನ ಬಾಲಕ್ಕೂ. ನಾನು ಅವಳ ಕಿವಿ ನೆಕ್ಕಿದರೆ ಸುಮ್ಮನಾಗುತ್ತಿದ್ದಳು.

ನಾವು ದೊಡ್ಡವರಾದ ಮೇಲೆ ಅನಸೂಯಾಗೆ ಸಿಂಗಾಪುರದ ಒಂದು ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ನಾಯಿಗಳನ್ನು ಯಾರಿಗಾದರೂ ಕೊಟ್ಟು ಹೋಗಿ ಎಂದು ನೆಂಟರು ಹೇಳಿದರು. ನಾಯಿ ಬರುವುದಿಲ್ಲವೆಂದರೆ ತಾನೂ ಬರುವುದಿಲ್ಲ ಎಂದ ಮಹಾಂತೇಶ. ಅನಸೂಯಾ ಒಂದು ಸಂಜೆ ಕೂತು ನಿಯಮಗಳನ್ನೆಲ್ಲ ಗಟ್ಟಿಯಾಗಿ ಓದಿದಳು. ಕತ್ತಿನ ಚರ್ಮದ ಕೆಳಗೆ ಅಕ್ಕಿಕಾಳಿನಷ್ಟು ಚಿಪ್ ಹಾಕಿಸಬೇಕು. ಅದಾದ ಮೇಲೆ ರೇಬೀಸ್ ಲಸಿಕೆ. ಲಸಿಕೆ ಮೈಗೆ ಹತ್ತಿದೆಯೆಂದು ತೋರಿಸಲು ರಕ್ತ ಪರೀಕ್ಷೆ. ಅಲ್ಲಿಗೆ ಹೋದ ಮೇಲೆ ಒಂದು ತಿಂಗಳು ಕ್ವಾರಂಟೈನ್.

"ಮಗಳ ಮದುವಿ ಮಾಡೂದು ಇದಕ್ಕಿಂತ ಹಗುರ ಐತಿ," ಎಂದ ಮಹಾಂತೇಶ.

ಹೀಗೆ ನಮ್ಮ ಬದುಕಿನೊಳಗೆ ಮುಕುಂದ ಬಂದ. ಪ್ರಾಣಿಗಳನ್ನು ಹೊರದೇಶಕ್ಕೆ ಕಳಿಸಿಕೊಡುವ ಏಜೆಂಟ್, ಬೆಂಗಳೂರಿನವನು. ಸದಾ ಬಾಯಲ್ಲಿ ಲವಂಗ. ನಮ್ಮನ್ನು ಕಂಡ ಕೂಡಲೇ ಮಂಡಿಯೂರಿ ಬಲಗೈಯಿಂದ ಇಬ್ಬರ ತಲೆಯನ್ನೂ ಸವರಿದ. ಸಾಸಿವಿ ಬಾಲ ಅಲ್ಲಾಡಿಸಿದಳು. ನಾನೂ ಅಲ್ಲಾಡಿಸಿದೆ.

ನಮ್ಮಿಬ್ಬರನ್ನು ಬೆಂಗಳೂರಿಗೆ ಕರೆದೊಯ್ದು, ತನಗೆ ಗೊತ್ತಿದ್ದ ಡಾಕ್ಟರ ಬಳಿ ಎಲ್ಲವನ್ನೂ ಮಾಡಿಸುತ್ತೇನೆ ಎಂದ. ಅಲ್ಲಿ ಕತ್ತಿಗೆ ಚಿಪ್ ಹಾಕಿದರು. ನೋವಾಯಿತು. ಆಮೇಲೆ ಬೇರೆ ಯಾವ ಸೂಜಿಯೂ ನಮ್ಮ ಹತ್ತಿರ ಬರಲಿಲ್ಲ. ರಕ್ತವನ್ನೂ ಯಾರೂ ತೆಗೆಯಲಿಲ್ಲ. ನಾಯಿಗೆ ಅದರ ಅರ್ಥವೇನು ಗೊತ್ತಾಗಬೇಕು? ಚುಚ್ಚಲಿಲ್ಲವಲ್ಲ ಎಂದು ಸಂತೋಷಪಟ್ಟೆವು. ಹುಬ್ಬಳ್ಳಿಗೆ ತಂದು ಬಿಟ್ಟಾಗ, ಲಸಿಕೆ ಆಯಿತು, ರಕ್ತವೂ ಆಮೇಲೆ ಆಗುತ್ತದೆ, ಎಲ್ಲ ತನ್ನ ಜವಾಬ್ದಾರಿ ಎಂದ. ಆಮೇಲೆ ಇನ್ನೊಮ್ಮೆ ಬಂದು ನಮ್ಮನ್ನು ಕಾರಿನಲ್ಲಿ ಊರೆಲ್ಲ ಸುತ್ತಿಸಿ ತಂದು, ಅದೂ ಆಯಿತು ಎಂದ.

ಪ್ರಯಾಣಕ್ಕೆ ಮಹಾಂತೇಶ ತನ್ನ ಕೈಯಿಂದಲೇ ಎರಡು ಪೆಟ್ಟಿಗೆ ಮಾಡಿದ. ನಾವು ನಿಂತರೆ ಕಿವಿ ತಾಗಬಾರದು, ಒಳಗೇ ಒಂದು ಸುತ್ತು ತಿರುಗಲು ಬರಬೇಕು. ಮೂಲೆಗಳನ್ನೆಲ್ಲ ಉಜ್ಜಿ ನುಣುಪು ಮಾಡಿ, ತಾನೇ ಒಳಗೆ ತಲೆ ಹಾಕಿ ಉಸಿರಾಡಿ ನೋಡಿದ.

ಬೆಂಗಳೂರಿನ ವಿಮಾನ ನಿಲ್ದಾಣದ ಸರಕು ಕಟ್ಟಡದ ಹತ್ತಿರ ಮನೆಯವರು ನಮ್ಮನ್ನು ಮುಕುಂದನಿಗೆ ಒಪ್ಪಿಸಿದರು. ಅವರದು ಬೇರೆ ವಿಮಾನ.

"ನಿದ್ದಿ ಗುಳಗಿ ಗಿಳಗಿ ಏನೂ ಕೊಡಬ್ಯಾಡ್ರಿ," ಎಂದಳು ಅನಸೂಯಾ. "ಮ್ಯಾಲ ಹೋದಾಗ ಉಸಿರಾಟಕ್ಕ ತ್ರಾಸ ಆಗತೈತಿ."

"ಛೇ, ಅಂಥದ್ದೆಲ್ಲ ನಾವು ಮಾಡಲ್ಲ ಮೇಡಂ. ಎಲ್ಲಾ ರೂಲ್ಸ್ ಪ್ರಕಾರನೇ."

ಅವರು ಹೋದರು. ಸಾಸಿವಿ ಬೊಗಳತೊಡಗಿದಳು. ಅವಳ ಪೆಟ್ಟಿಗೆ ಬೇರೆ, ನನ್ನದು ಬೇರೆ. ನಾನು ಕಿವಿ ನೆಕ್ಕುವುದು ಹೇಗೆ? ಮುಕುಂದ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದ: "ಈ ಕರೀದು ಹಿಂಗೇ ಬೊಗಳ್ತಾ ಇದ್ರೆ ವಾಪಸ್ ಕಳಿಸ್ತಾರೆ ಕಣೋ. ತಡಿ, ಏನಾದ್ರೂ ಮಾಡ್ತೀನಿ."

ಆಮೇಲೆ ಅದೇ ಬಲಗೈ ಪೆಟ್ಟಿಗೆಯ ಜಾಲರಿಯೊಳಗೆ ಬಂತು, ಬಾಳೆಹಣ್ಣಿನ ತುಂಡು ಹಿಡಿದು. ನನ್ನ ತುಂಡಿನೊಳಗೆ ಏನೋ ಕಹಿ ಇತ್ತು. ದವಡೆಯ ಸಂದಿಯಲ್ಲಿ ಹಿಡಿದುಕೊಂಡು, ಅವನು ತಿರುಗಿದ ಮೇಲೆ ಉಗುಳಿದೆ. ಸಾಸಿವಿ ನುಂಗಿದಳು. ಅವಳು ಸುಮ್ಮನಾಗದ್ದನ್ನು ಕಂಡು ಅವನು ಇನ್ನೊಂದು ತುಂಡು ಕೊಟ್ಟ. ಅದನ್ನೂ ನುಂಗಿ, ಅವನ ಬೆರಳು ನೆಕ್ಕಿದಳು.

ವಿಮಾನದ ಹೊಟ್ಟೆಯಲ್ಲಿ ನಾನು ಅವಳನ್ನು ಕರೆದೆ. ಮೊದಲು ಗೊರಕೆಯಂಥ ಉಸಿರು ಕೇಳುತ್ತಿತ್ತು. ಆಮೇಲೆ ಎಂಜಿನ್ನಿನ ಸದ್ದಷ್ಟೇ. ಇಳಿಸುವ ಹೊತ್ತಿಗೆ ಅವಳ ವಾಸನೆಯೇ ಬದಲಾಗಿತ್ತು.

ಕ್ವಾರಂಟೈನಿನ ಕೋಣೆ ಸ್ವಚ್ಛವಾಗಿತ್ತು. ನೋಡಿಕೊಳ್ಳುವವರು ಒಳ್ಳೆಯವರು. ಅಲ್ಲಿಯ ಡಾಕ್ಟರಮ್ಮ ನನ್ನನ್ನು ಪರೀಕ್ಷಿಸಿ, ತಮ್ಮ ರೂಢಿಯಂತೆ ರೇಬೀಸ್ ಲಸಿಕೆಯನ್ನೂ ಹಾಕಿದರು. ಸಾಸಿವಿಯ ದೇಹವನ್ನೂ ಪರೀಕ್ಷಿಸಿದವರು ಅವರೇ. ಅನಸೂಯಾ ಭೇಟಿಗೆ ಬಂದ ದಿನ, ಸತ್ತ ನಾಯಿಯ ಮೈಯಲ್ಲಿ ಮತ್ತಿನ ಔಷಧಿ ಸಿಕ್ಕಿದೆ ಎಂದು ಹೇಳಿದರು. ಅನಸೂಯಾ ಅಳಲಿಲ್ಲ. ಅಲ್ಲಿಯೇ ನಿಂತು ಮುಕುಂದನಿಗೆ ಫೋನ್ ಹಚ್ಚಿದಳು. ಅವನ ದನಿ ನನಗೂ ಕೇಳುತ್ತಿತ್ತು.

"ಹಾರ್ಟ್ ವೀಕ್ ಇತ್ತೇನೋ ಮೇಡಂ. ನಾನೇನೂ ಕೊಟ್ಟಿಲ್ಲ. ಬೀದಿ ನಾಯಿ ತಾನೇ, ಅಲ್ಲೇ ಇನ್ನೊಂದು ತಗೊಳ್ಳಿ."

ಆ ತಿಂಗಳಿಡೀ ನಾನು ಅದೊಂದನ್ನೇ ಕಡಿದೆ. ಬೇರೆ ನಾಯಿಗಳಿಗೆ ಕಡಿಯಲು ರಬ್ಬರಿನ ಮೂಳೆ ಇತ್ತು. ನನಗೆ ಮುಕುಂದನ ಬಲಗೈ ಇತ್ತು. ಕಣ್ಣು ಮುಚ್ಚಿದರೆ ಬರುತ್ತಿತ್ತು. ಹೆಬ್ಬೆರಳ ಬುಡದ ಮೆತ್ತಗಿನ ಮಾಂಸದಲ್ಲಿ ಹಲ್ಲು ಎಲ್ಲಿ ಊರಬೇಕು, ಎಷ್ಟು ಆಳಕ್ಕೆ ಊರಬೇಕು ಎಂಬುದನ್ನೆಲ್ಲ ಅಲ್ಲಿಯೇ ಕಲಿತೆ.

ಮನೆಗೆ ಬಂದೆ. ಇಂಚರಾ ನನ್ನ ಪಕ್ಕದಲ್ಲಿ ಒಂದು ಚಾಪೆ ಹೆಚ್ಚಿಗೆ ಹಾಸಿ, ಆಮೇಲೆ ತಾನೇ ಸುತ್ತಿ ಇಟ್ಟಳು. ಮಹಾಂತೇಶ ಸಾಸಿವಿಯ ಪೆಟ್ಟಿಗೆಯನ್ನು ತಿರುಗಿಸಿ ತಿರುಗಿಸಿ ನೋಡುತ್ತ, ಗಾಳಿ ಆಡುವ ತೂತು ಸಣ್ಣದಾಯಿತೇನೋ ಎಂದು ಕೇಳುತ್ತಿದ್ದ. ಅಲ್ಲ ಎಂದು ಅನಸೂಯಾ ಎಷ್ಟು ಸಲ ಹೇಳಿದರೂ ಮತ್ತೆ ಕೇಳುತ್ತಿದ್ದ. ಮುಕುಂದನ ಮೇಲಿನ ನನ್ನ ಸಿಟ್ಟಿಗೆ ಅದನ್ನೂ ಸೇರಿಸಿಕೊಂಡೆ.

ವರ್ಷ ತಿರುಗುವ ಮೊದಲೇ ಮುಕುಂದ ಸಿಂಗಾಪುರಕ್ಕೆ ಬಂದ. ಇಲ್ಲಿಯ ಕನ್ನಡದವರಲ್ಲಿ ಹಲವರಿಗೆ ಊರಿನಿಂದ ತಮ್ಮ ನಾಯಿ, ಬೆಕ್ಕು ಕರೆಸಿಕೊಳ್ಳಬೇಕಿತ್ತು. ಅವರನ್ನು ಒಂದು ಸಭಾಂಗಣದಲ್ಲಿ ಸೇರಿಸಿ ಮಾತಾಡುವವನಿದ್ದ. ಮಹಾಂತೇಶನೂ ಹೊರಟ. ಅನಸೂಯಾ ನನ್ನ ಕೊರಳಿಗೆ ಪಟ್ಟಿ ಕಟ್ಟಿದಳು.

"ನೀ ಸುಮ್ನಿರು. ಮಾತಾಡಾಕ ನಾ ಅದೀನಿ," ಎಂದು ನನಗೆ ಹೇಳಿದಳು.

ಲವಂಗದ ವಾಸನೆ ಬಾಗಿಲಲ್ಲೇ ಬಂತು. ನಾನು ಬೊಗಳಲಿಲ್ಲ. ಮುಕುಂದ ಮೈಕು ಹಿಡಿದು, "ಒಂದೊಂದು ನಾಯಿಗೂ ನಾನೇ ಮುಂದೆ ನಿಂತು ಲಸಿಕೆ ಹಾಕಿಸ್ತೀನಿ. ನಮ್ಮ ಮನೆ ಮಕ್ಕಳ ಥರ," ಎಂದ. ಅನಸೂಯಾ ಎದ್ದು ನಿಂತಳು.

"ನಮ್ಮ ಸಾಸಿವಿ ಹ್ಯಾಂಗ ಸತ್ತಳ್ರಿ?"

ಅವನು ಒಂದು ಕ್ಷಣವೂ ತಡವರಿಸಲಿಲ್ಲ. ಮೈಕು ಇಟ್ಟು ಕೆಳಗಿಳಿದು ಬಂದ. "ಪಾಪ, ಇವರ ನಾಯಿಗೆ ಮೊದಲೇ ಹಾರ್ಟ್ ತೊಂದ್ರೆ ಇತ್ತು. ನಂಗೂ ಊಟ ಸೇರ್ಲಿಲ್ಲ ಆವತ್ತು. ದುಃಖದಲ್ಲಿರೋರು ಏನೋ ಅಂತಾರೆ, ನಾವು ಸಹಿಸ್ಕೋಬೇಕು." ಜನ ತಲೆದೂಗಿದರು. ಅನಸೂಯಾ ಮತ್ತೇನೋ ಹೇಳಹೋದಳು, ಹಿಂದಿನ ಸಾಲಿನವರು "ಹೋಗಲಿ ಬಿಡಿ" ಎಂದರು. ತನ್ನ ದೊಡ್ಡಗುಣ ಎಲ್ಲರಿಗೂ ಕಾಣಲೆಂದು ಮುಕುಂದ ಬಗ್ಗಿ ನನ್ನ ತಲೆ ಸವರಲು ಕೈ ಚಾಚಿದ.

ಬಲಗೈ.

ನಾನು ಕಲಿತ ಜಾಗದಲ್ಲೇ ಊರಿದೆ. ಹಲ್ಲು ಹಲ್ಲಿಗೆ ತಾಗುವಷ್ಟು. ಅನಸೂಯಾ ಪಟ್ಟಿ ಜಗ್ಗಿದಳು, ನಾನು ಬಿಡಲಿಲ್ಲ. ಮಹಾಂತೇಶ ಓಡಿ ಬಂದು ದವಡೆ ಬಿಡಿಸಿದ.

ಜನ ಅವನ ಕಡೆಯೇ ಆದರು. ಎಂಥ ನಾಯಿ ಇದು, ಇದನ್ನು ಮುಗಿಸಬೇಕು ಎಂದರು. ಅನಸೂಯಾಳ ಮುಖ ಬಿಳಿಚಿಕೊಂಡಿತ್ತು. ಆದರೂ ನರ್ಸು. ಅವನ ತೋಳು ಹಿಡಿದು ಸಭಾಂಗಣದ ಮೂಲೆಯ ನಲ್ಲಿಗೆ ಕರೆದೊಯ್ದು ಸೋಪು ಹಚ್ಚಿ ತೊಳೆಯತೊಡಗಿದಳು. ಜನ ಸುತ್ತ ನಿಂತಿದ್ದರು. ಮಹಾಂತೇಶ ನನ್ನನ್ನು ಹಿಡಿದುಕೊಂಡಿದ್ದ.

"ಮೇಡಂ," ಎಂದ ಮುಕುಂದ ಮೆಲ್ಲಗೆ. "ಈ ನಾಯಿಗೆ ಇಲ್ಲಿ ರೇಬೀಸ್ ಲಸಿಕೆ ಹಾಕಿಸಿದ್ದೀರಾ?"

"ಇಲ್ಲಿ ಯಾಕ್ರಿ? ನೀವ ಮುಂದ ನಿಂತು ಹಾಕಿಸಿದ್ರಲ್ಲ. ಈಗಷ್ಟ ಹೇಳಿದ್ರಿ."

ನೀರು ಬೀಳುತ್ತಲೇ ಇತ್ತು. ಅವನ ಮೈಯಿಂದ ಲವಂಗದ ವಾಸನೆ ಹೋಗಿ ಹೆದರಿಕೆಯ ವಾಸನೆ ಬಂತು.

"ಅದು... ಆವಾಗ ಟೈಮ್ ಇರ್ಲಿಲ್ಲ ಮೇಡಂ."

"ಟೈಮ್ ಇರ್ಲಿಲ್ಲ ಅಂದ್ರೆ?" ಎಂದು ಪಕ್ಕದಲ್ಲಿದ್ದ ಹೆಂಗಸೊಬ್ಬರು ಕೇಳಿದರು. ಅವರು ತಮ್ಮ ಬೆಕ್ಕಿಗಾಗಿ ಬಂದವರು.

"ಹಾಕಿಸಿಲ್ಲ. ರಕ್ತ ಬೇರೆ ನಾಯೀದು. ನನ್ನನ್ನ ಬೇಗ ಆಸ್ಪತ್ರೆಗೆ ಕರ್ಕೊಂಡು ಹೋಗಿ."

ಅನಸೂಯಾ ಅವನ ಮಣಿಕಟ್ಟು ಬಿಡಲಿಲ್ಲ. "ಸಾಸಿವಿಗೆ ಎಷ್ಟು ಗುಳಗಿ ಕೊಟ್ರಿ?"

ಅವನು ಸುತ್ತಲಿನ ಮುಖಗಳನ್ನು ನೋಡಿದ. "ಎರಡು," ಎಂದ.

ಅವಳು ನಲ್ಲಿ ನಿಲ್ಲಿಸಿ, ಗಾಯಕ್ಕೆ ಬಟ್ಟೆ ಸುತ್ತಿದಳು. "ಜೀರಿಗಿಗೆ ಕ್ವಾರಂಟೈನಿನಾಗ ಲಸಿಕಿ ಹಾಕ್ಯಾರ. ನೀವು ಸಾಯೂದಿಲ್ಲ. ಆದ್ರೂ ಡಾಕ್ಟರಿಗೆ ತೋರಸ್ರಿ."

ಇದನ್ನು ಅವಳು ಮೊದಲೇ ಹೇಳಬಹುದಿತ್ತು. ಹೇಳದೆ ಅವನನ್ನು ನಲ್ಲಿಯ ಕೆಳಗೆ ಹಿಡಿದು ನಿಲ್ಲಿಸಿದಳು. ನನ್ನ ಕಡಿತಕ್ಕಿಂತ ಅದೇ ಆಳಕ್ಕೆ ಹೋಯಿತೆಂದು ನನಗೆ ಗೊತ್ತು. ಅಂದಿನಿಂದ ಅವಳ ಮೇಲಿನ ನನ್ನ ಪ್ರೀತಿ ಬೇರೆಯೇ ಆಯಿತು.

ಮುಕುಂದನ ವ್ಯಾಪಾರ ಮುಚ್ಚಿತು. ಅವನ ಕೈಗೆ ಸಿಕ್ಕಿ ಬೆಕ್ಕು, ನಾಯಿ ಕಳೆದುಕೊಂಡಿದ್ದ ಬೇರೆಯವರೂ ಬಾಯಿ ಬಿಟ್ಟರು. ಬೆಂಗಳೂರಿನಲ್ಲಿ ಪೊಲೀಸರವರೆಗೆ ಹೋಯಿತು. ಆದರೆ ಕಚ್ಚಿದ್ದು ಕಚ್ಚಿದ್ದೇ. ಹೊರಗೆ ಹೋಗುವಾಗಲೆಲ್ಲ ನನ್ನ ಮೂತಿಗೆ ಜಾಲರಿ ಕಟ್ಟಬೇಕೆಂದು ಆಜ್ಞೆಯಾಯಿತು. ಅಂದಿನಿಂದ ನಾನು ಹುಲ್ಲು ಕಚ್ಚಿಲ್ಲ, ದಾರಿಯಲ್ಲಿ ಬಿದ್ದ ಎಲುಬು ಮುಟ್ಟಿಲ್ಲ. ಮಕ್ಕಳು ನನ್ನನ್ನು ಕಂಡರೆ ತಾಯಂದಿರ ಹಿಂದೆ ಸರಿಯುತ್ತಾರೆ.

ಈಗ ನನಗೆ ವಯಸ್ಸಾಗಿದೆ. ಹಿಂಗಾಲು ಏಳುವುದಿಲ್ಲ. ಇಂಚರಾ ಕಾಲೇಜಿಗೆ ಹೋಗುವ ಮೊದಲು ನನ್ನನ್ನು ಎತ್ತಿ ಬಾಲ್ಕನಿಯಲ್ಲಿ ಮಲಗಿಸುತ್ತಾಳೆ. ಕೈ ಕಚ್ಚಿದ ಮೇಲೆ ಎದೆ ಹಗುರಾಗುತ್ತದೆ ಎಂದುಕೊಂಡಿದ್ದೆ. ಆ ಸಂಜೆ ಹಗುರಾಗಿತ್ತು, ನಿಜ. ಮನೆಗೆ ಬಂದು, ಆದದ್ದನ್ನೆಲ್ಲ ಹೇಳಲು ಪಕ್ಕಕ್ಕೆ ತಿರುಗಿದೆ. ಹೇಳಬೇಕಾದವಳು ಅಲ್ಲಿರಲಿಲ್ಲ.

ಹಲ್ಲುಗಳಲ್ಲಿ ಅರ್ಧ ಬಿದ್ದುಹೋಗಿವೆ. ಮುಂದಿನ ಕೋರೆಹಲ್ಲು ಎರಡು ಇನ್ನೂ ಗಟ್ಟಿಯಾಗಿವೆ. ಅವು ಇರುವವರೆಗೆ ಮುಕುಂದ ಈ ಕಡೆ ಬರದಿರುವುದು ಅವನಿಗೇ ಒಳ್ಳೆಯದು.