ಉಳಿದ ಅರ್ಧ

"ಮೂರು ಗಂಟೆಗೆ ನೋವಿಗೆ ಒಂದು ಮಾರ್ಫಿನ್ ಇಂಜೆಕ್ಷನ್ ಇದೆ," ಎಂದಳು ಸೊಸೆ, ಒಂದು ಕಾಲಿಗೆ ಚಪ್ಪಲಿ ಮೆಟ್ಟಿ ಇನ್ನೊಂದನ್ನು ಹುಡುಕುತ್ತ. "ಡಬ್ಬಿ ಕಪಾಟಿನ ಮೇಲಿದೆ. ಒಂದು ಸೀಸೇಲಿ ಅರ್ಧ ಸಾಕು, ಉಳಿದಿದ್ದು ಚೆಲ್ಲಿಬಿಡಿ. ದಿನಾ ಬರೋ ನರ್ಸಿಗೆ ಇವತ್ತು ಬರಬೇಡಿ ಅಂದ್ಬಿಟ್ಟೆ. ನಮ್ಮ ಸಭೆಯೋರೇ ಇರುವಾಗ ಹೊರಗಿನೋರು ಯಾಕೆ?"

"ನಾನು... ಬರೀ ಜೊತೆಗೆ ಕೂತಿರೋದು ಅಂದ್ಕೊಂಡಿದ್ದೆ."

"ಅಯ್ಯೋ, ನಿಮಗಿದೇನು ಹೊಸದಾ? ಕಣ್ಮುಚ್ಕೊಂಡು ಚುಚ್ತೀರ! ಅತ್ತೆ, ಐದಕ್ಕೆಲ್ಲ ಬಂದ್ಬಿಡ್ತೀನಿ. ಇವರ ಹತ್ರ ಹಠ ಮಾಡ್ಬೇಡಿ."

ಬಾಗಿಲು ಮುಚ್ಚಿತು. ಜೊತೆಗೆ ಕೂರಲು ಬಂದಿದ್ದ ಸಭೆಯ ನರ್ಸ್ ಕಪಾಟಿಗೆ ಬೆನ್ನು ಮಾಡಿ ಕುರ್ಚಿ ತಿರುಗಿಸಿಕೊಂಡು ಕುಳಿತಳು.

ಕಾಯಿಲೆಯವರ ಮನೆಗೆ ಸರದಿಯಂತೆ ಹೋಗಿ ಕೂರುವುದು ಚರ್ಚ್ ಸಭೆಯ ಹೆಂಗಸರ ರೂಢಿ. ಪಟ್ಟಿ ಬರೆದವಳಿಗೆ ಇವಳು ನರ್ಸ್ ಎಂದಷ್ಟೇ ಗೊತ್ತಿತ್ತು. ಕಣ್ಣಿನ ಆಸ್ಪತ್ರೆಯಲ್ಲಿ ಚೀಟಿ ಬರೆಯುವ ಕೆಲಸಕ್ಕೆ ಅವಳೇಕೆ ಇಳಿದಳು ಎಂಬುದು ಗೊತ್ತಿರಲಿಲ್ಲ. ಅದು ಗೊತ್ತಿದ್ದುದು ಪಾಸ್ಟರ್ ಹೆಂಡತಿಗೆ ಮತ್ತು ಶನಿವಾರ ಆರಾಧನಾಲಯದ ಹಿಂದಿನ ಕೋಣೆಯಲ್ಲಿ ಸೇರುವ ಆರು ಜನಕ್ಕೆ. ಕುಡಿತ ಬಿಟ್ಟವರು, ಜೂಜು ಬಿಟ್ಟವರು, ಮಾತ್ರೆ ಬಿಟ್ಟವರು. ಅಲ್ಲಿ ಆಡಿದ ಮಾತು ಹೊಸ್ತಿಲು ದಾಟುತ್ತಿರಲಿಲ್ಲ. ಆ ಏಳು ಜನ ಗುಟ್ಟನ್ನು ಎಷ್ಟು ಜೋಪಾನವಾಗಿ ಕಾಪಾಡಿದ್ದರೆಂದರೆ, ಸಭೆಯೇ ಅವಳನ್ನು ಕೈ ಹಿಡಿದು ಈ ಡಬ್ಬಿಯ ಮುಂದೆ ತಂದು ಕೂರಿಸಿತ್ತು.

ಹಳೇ ಆಸ್ಪತ್ರೆಯ ವಾರ್ಡಿನಲ್ಲಿ ಶುರುವಾದದ್ದೂ ಹೀಗೇ. ಯಾರಿಗೂ ಬೇಡದ ಅರ್ಧ. ಚೆಲ್ಲಿದೆನೆಂದು ಬರೆದರಾಯಿತು, ಯಾರ ಗಂಟೂ ಹೋಗುವುದಿಲ್ಲ. ಅದು ಬಿಟ್ಟು ಈಗ ಎಂಟು ತಿಂಗಳು.

ಪಾಸ್ಟರ್ ಹೆಂಡತಿಗೆ ಫೋನ್ ಮಾಡಿದಳು. ಸ್ವಿಚ್ ಆಫ್. ಬುಧವಾರದ ಉಪವಾಸ ಪ್ರಾರ್ಥನೆ; ನಾಲ್ಕರವರೆಗೆ ಎಲ್ಲರ ಫೋನೂ ಬುಟ್ಟಿಯಲ್ಲಿರುತ್ತದೆ. ತಾನೇ ಪ್ರಾರ್ಥಿಸಲು ನೋಡಿದಳು. 'ಕರ್ತನೇ' ಎಂಬಲ್ಲಿಗೆ ಮಾತು ನಿಂತುಹೋಯಿತು. ಬೆನ್ನಿಗೆ ಕಣ್ಣು ಮೂಡಿದಂತಾಗಿ, ಡಬ್ಬಿಯ ಮುಚ್ಚಳದ ಬಣ್ಣ ಕೂಡ ನೋಡದೆಯೇ ಕಾಣುತ್ತಿತ್ತು.

ಎರಡೂ ಮುಕ್ಕಾಲಿಗೆ, ಮಂಚದ ಮೇಲೆ ಜೋಂಪು ಹತ್ತಿದ್ದ ಅತ್ತೆ, ಸಭೆಗೆಲ್ಲ ಟೀಚರಮ್ಮ, ಎಚ್ಚರಗೊಂಡು ನರಳಿದಳು. ನಲವತ್ತು ವರ್ಷ ಭಾನುವಾರದ ಮಕ್ಕಳ ತರಗತಿ ನಡೆಸಿದಾಕೆ. ಆಕೆಯಿಂದ ಕಿವಿ ಹಿಂಡಿಸಿಕೊಳ್ಳದವರು ಸಭೆಯಲ್ಲೇ ಕಡಿಮೆ. ಈಗ ದಿಂಬಿನ ಅಂಚನ್ನು ಕಚ್ಚಿ ಹಿಡಿದಿದ್ದಳು.

"ಕೊಟ್ಬಿಡಮ್ಮ. ತಡೆಯೋಕಾಗ್ತಿಲ್ಲ."

ಕಾಯಿಸಲು ನರ್ಸಿಗೆ ಮನಸ್ಸು ಬರಲಿಲ್ಲ. ಡಬ್ಬಿ ಇಳಿಸಿದಳು. ಸೀಸೆಯ ಕತ್ತು ಮುರಿಯುವಾಗ ಬೆರಳು ಒಂದಿಷ್ಟೂ ನಡುಗಲಿಲ್ಲ. ಅದೇ ಅವಳನ್ನು ಹೆದರಿಸಿತು. ಅರ್ಧ ಎಳೆದಳು, ಚುಚ್ಚಿದಳು, ಹತ್ತಿ ಒತ್ತಿದಳು. ಉಳಿದ ಅರ್ಧ ಎಡಗೈಯಲ್ಲಿತ್ತು. ಬಚ್ಚಲಮನೆ ನಾಲ್ಕು ಹೆಜ್ಜೆ ದೂರ. ಅದರ ಬಾಗಿಲಿಗೆ ಒಳಗಿನಿಂದ ಚಿಲಕವಿತ್ತು.

ಎರಡು ಹೆಜ್ಜೆ ಇಟ್ಟಳು.

"ಟೀಚರ್," ಎಂದಳು, ತಿರುಗದೆ. "ನಾನು ಇದನ್ನ ಕದ್ದು ಚುಚ್ಕೊಳ್ತಿದ್ದೆ. ಅದಕ್ಕೇ ವಾರ್ಡಿಂದ ತೆಗೆದ್ರು. ಈಗ ಒಳಗೆ ಹೋದ್ರೆ ಏನ್ಮಾಡ್ತೀನೋ ಗೊತ್ತಿಲ್ಲ."

ಹಿಂದೆ ಮಂಚ ಕಿರುಗುಟ್ಟಿತು.

"ನನಗೆ ಕೊಡಬೇಕಾದ್ದು ಪೂರ್ತಿ ಕೊಟ್ಟ್ಯಾ?"

ಕಪಾಳಕ್ಕೆ ಹೊಡೆದಂತಾಯಿತು. "ಕೊಟ್ಟೆ ಟೀಚರ್. ಕರ್ತನಾಣೆ."

"ಆಣೆ ಗೀಣೆ ಬೇಡ. ಕೊಟ್ಟ್ಯೋ ಇಲ್ವೋ, ಅಷ್ಟು ಹೇಳು."

"ಕೊಟ್ಟೆ."

"ಹಾಗಾದ್ರೆ ಇಲ್ಲಿ ಬಾ. ಮುಖ ತೊಳೆಯೋ ಬೋಗುಣಿ ತಗೋ. ನನ್ನ ಕಣ್ಮುಂದೆ ಚೆಲ್ಲು."

ಚೆಲ್ಲಿದಳು.

"ತಳದಲ್ಲಿ ಇನ್ನೂ ಇದೆ. ನನಗೆ ಕ್ಯಾನ್ಸರ್ ಬಂದಿರೋದು ಹೊಟ್ಟೇಲಿ, ಕಣ್ಣಲ್ಲಲ್ಲ."

ನರ್ಸಿಗೆ ನಗುವೋ ಅಳುವೋ ಒಟ್ಟಿಗೇ ಉಕ್ಕಿತು. ಸೀಸೆಯನ್ನು ನೀರಿನಲ್ಲಿ ಮುಳುಗಿಸಿ ಅಲುಗಾಡಿಸಿದಳು. ಡಬ್ಬಿಯಲ್ಲಿ ಇನ್ನೂ ಒಂಬತ್ತು ಇದ್ದವು. ಸೊಸೆ ಬರಲು ಎರಡು ಗಂಟೆಯಿತ್ತು. ಟೀಚರಮ್ಮ ಡಬ್ಬಿ ಕೇಳಿ ಇಸಿದುಕೊಂಡು ಹೊದಿಕೆಯೊಳಗೆ ಎಳೆದುಕೊಂಡಳು.

"ಸೊಸೆಗೆ ನೀನೇ ಹೇಳ್ಬೇಕು. ನಾನು ಹೇಳಲ್ಲ."

"ಅವರು ಊರಿಗೆಲ್ಲ ಹೇಳ್ತಾರೆ ಟೀಚರ್."

"ಹೇಳಬಹುದು. ಅವಳ ಬಾಯಿಗೆ ನಾನೂ ಹೆದರ್ತೀನಿ." ಆಕೆಯ ನಾಲಿಗೆ ಆಗಲೇ ಭಾರವಾಗುತ್ತಿತ್ತು. "ಹೇಳ್ತೀಯಾ?"

"ಬಂದ ತಕ್ಷಣ."

"ಅಲ್ಲೀವರೆಗೂ ನಾನು ಮಲಗಲ್ಲ. ನಿನ್ನ ನೋಡ್ತಿರ್ತೀನಿ."

ಆದರೆ ಔಷಧಿ ಆಕೆಯನ್ನು ಒಳಗೆಳೆಯತೊಡಗಿತ್ತು. ರೆಪ್ಪೆ ಮುಚ್ಚುವುದು, ಬೆಚ್ಚಿ ತೆರೆಯುವುದು, "ಇದ್ದೀಯಾ?" ಎನ್ನುವುದು. "ಇದ್ದೀನಿ ಟೀಚರ್," ಎನ್ನುತ್ತ ನರ್ಸ್ ಕುರ್ಚಿಯನ್ನು ಮಂಚದ ಪಕ್ಕಕ್ಕೆ ಎಳೆದುಕೊಂಡಳು. ಎರಡೂ ಅಂಗೈಗಳನ್ನು ಬಿಚ್ಚಿ, ಮುದುಕಿಯ ಕಣ್ಣಿಗೆ ಕಾಣುವಂತೆ ಹೊದಿಕೆಯ ಮೇಲಿಟ್ಟಳು.

ಸ್ವಲ್ಪ ಹೊತ್ತಿಗೆ ಆ ಕಣ್ಣುಗಳು ಪೂರ್ತಿ ಮುಚ್ಚಿದವು. ಉಸಿರು ನಿಧಾನವಾಯಿತು. ಹೊದಿಕೆಯೊಳಗೆ ಹಿಡಿತ ಸಡಿಲಿ ಡಬ್ಬಿ ಒಮ್ಮೆ ಸದ್ದು ಮಾಡಿತು. ನರ್ಸ್ ಕೈಗಳನ್ನು ಅಲ್ಲಿಂದ ತೆಗೆಯಲಿಲ್ಲ.